ಹುಳು ಜ್ವರಕ್ಕೆ ಕುಳಿತಾಗ

ರೇಷ್ಮೆಯ ಮಾತು ಬಂದರೆ ಸಾಕು, ನಮ್ಮ ಕಡೆಯ ಜನರು ಮೊದಲು ಕೇಳುವದು ಗೂಡಿನ ದರವನ್ನು. "ಈ ಸಲ ಕಿಲೋಕ್ಕೆ ಎಷ್ಟು ಬಿತ್ತು?" ಎಂಬ ಪ್ರಶ್ನೆ ಹಾನಗಲ್ಲ ಸಂತೆಯಲ್ಲಿಯೂ ಕೇಳಿಬರುತ್ತದೆ, ಹಿರೇಕೆರೂರಿನ ಬಸ್ಸಿನಲ್ಲಿಯೂ ಕೇಳಿಬರುತ್ತದೆ. ದರ ಚೆನ್ನಾಗಿ ಬಂದರೆ ಆ ರೈತ ಜಾಣ. ಬರದಿದ್ದರೆ ಅವನ ಹಣೆಬರಹ. ಬೆಳೆಯೇ ಕೈಕೊಟ್ಟರೆ ಯಾರದೋ ದೃಷ್ಟಿ ತಾಗಿತೆಂದೋ, ಹವೆ ಕೆಟ್ಟಿತೆಂದೋ ಹೇಳಿ ವಿಷಯವನ್ನು ಮುಗಿಸಿಬಿಡುತ್ತಾರೆ. ಆದರೆ ಆ ಗೂಡನ್ನು ಕಟ್ಟಿದ ಹುಳು ಮೊಟ್ಟೆಯಿಂದ ಹೊರಬಿದ್ದ ಮೊದಲ ಎಂಟು ದಿನ ಎಲ್ಲಿತ್ತು, ಯಾರ ಕೈಯಲ್ಲಿತ್ತು, ಅದು ನಾಲ್ಕು ಸಲ ತೊಗಲು ಕಳಚುವಾಗ ಅದನ್ನು ಕಾಯ್ದವರಾರು ಎಂದು ಕೇಳಿದವರನ್ನು ನಾನು ಕಂಡಿಲ್ಲ. ಆ ಪ್ರಶ್ನೆಯನ್ನು ಕೇಳುವದಕ್ಕಾಗಿಯೇ ಈ ಲೇಖನವನ್ನು ಬರೆಯಲು ಕೈಹಾಕಿದ್ದೇನೆ.

ನಾನು ಕಲಾ ವಿಭಾಗದ ವಿದ್ಯಾರ್ಥಿನಿ. ಪ್ರಾಣಿಶಾಸ್ತ್ರ ನನ್ನ ಪಠ್ಯವಿಷಯವಲ್ಲ. ಆದರೂ ಹಾನಗಲ್ಲ ತಾಲೂಕಿನ ಒಂದು ಹಳ್ಳಿಯಲ್ಲಿ, ಹುಳುವಿನ ಮನೆಗೆ ಅಂಟಿಕೊಂಡ ಖೋಲಿಯಲ್ಲಿ ಮಲಗಿ, ರಾತ್ರಿಯೆಲ್ಲ ದೊಡ್ಡ ಹುಳುಗಳು ಎಲೆ ಮೇಯುವ ಸಪ್ಪಳವನ್ನು ಕೇಳುತ್ತ ಬೆಳೆದವಳು. ಹಂಚಿನ ಮೇಲೆ ಜಿಟಿಜಿಟಿ ಮಳೆ ಬಿದ್ದಂತೆ ಇರುವದು ಆ ಸಪ್ಪಳ. ಅಷ್ಟು ಅಧಿಕಾರದ ಮೇಲೆ ನಾಲ್ಕು ಮಾತು ಹೇಳಿದರೆ ವಾಚಕರು ತಪ್ಪು ತಿಳಿಯಲಾರರೆಂದು ನಂಬಿದ್ದೇನೆ.

ನಮ್ಮ ಸೀಮೆ ರೇಷ್ಮೆಯ ತವರಲ್ಲ. ಹದಿನೆಂಟನೆಯ ಶತಮಾನದ ಕೊನೆಗೆ ಟಿಪ್ಪೂ ಸುಲ್ತಾನನ ಆಳಿಕೆಯಲ್ಲಿ ಈ ಕಸುಬು ಮೈಸೂರು ಸೀಮೆಯಲ್ಲಿ ಬೇರೂರಿತು. ಬಹುಕಾಲ ಅಲ್ಲಿಯದೇ ಆಗಿ ಉಳಿಯಿತು. ೧೯೯೭ರಲ್ಲಿ ಧಾರವಾಡದಿಂದ ಬೇರ್ಪಟ್ಟ ನಮ್ಮ ಹಾವೇರಿ ಜಿಲ್ಲೆಯ ಹೆಸರು ಹೇಳಿದರೆ ಜನರಿಗೆ ನೆನಪಾಗುವದು ಬ್ಯಾಡಗಿ ಮೆಣಸಿನಕಾಯಿ, ಹತ್ತಿ, ಈಗೀಗ ಕಣ್ಣು ಹಾಯಿಸಿದಲ್ಲೆಲ್ಲ ಕಾಣುವ ಗೋವಿನಜೋಳ. ಹಾನಗಲ್ಲಿಗೆ ಭತ್ತವಿದೆ, ಸವಣೂರಿಗೆ ತನ್ನ ವೀಳ್ಯದೆಲೆಯಿದೆ. ಇವೆಲ್ಲವುಗಳ ನಡುವೆ ಅಲ್ಲೊಂದು ಇಲ್ಲೊಂದು ಹಿಪ್ಪುನೇರಳೆ ತೋಟ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳಲ್ಲಿ ಇದನ್ನು ನಂಬಿದವರು ಹೆಚ್ಚಾಗಿ ಕೊಳವೆಬಾವಿಯಲ್ಲಿ ನಾಲ್ಕು ಹನಿ ನೀರಿರುವ, ಒಂದೆರಡು ಎಕರೆಯ ಸಣ್ಣ ಒಕ್ಕಲಿಗರು. ಗೋವಿನಜೋಳ ವರ್ಷಕ್ಕೆ ಒಂದು ಸಲ, ಬಹಳವಾದರೆ ಎರಡು ಸಲ ಕೈಗೆ ರೊಕ್ಕ ಕೊಡುತ್ತದೆ. ಹಿಪ್ಪುನೇರಳೆಯನ್ನಾದರೋ ಒಮ್ಮೆ ನೆಟ್ಟರೆ ಹತ್ತು ಹದಿನೈದು ವರ್ಷ ನಿಲ್ಲುವದು. ವರ್ಷಕ್ಕೆ ನಾಲ್ಕೈದು ಸಲ ಹುಳುವಿಗೆ ಎಲೆ ಒದಗಿಸುವದು. ಸಣ್ಣ ಹಿಡುವಳಿಯ ಸಂಸಾರಕ್ಕೆ ಇದು ಎಷ್ಟು ದೊಡ್ಡ ಆಸರೆಯೆಂಬುದನ್ನು ಸಾಲಕ್ಕಾಗಿ ಅಡತಿ ಅಂಗಡಿಯ ಮೆಟ್ಟಿಲು ಹತ್ತಿದವರಿಗೆ ವಿವರಿಸಬೇಕಾಗಿಲ್ಲ.

ಮೈಸೂರು ಕಡೆಯಿಂದ ಕಸುಬು ಬಂದಂತೆ ಅದರ ಮಾತುಗಳೂ ಬಂದವು: ಚಾಕಿ, ಚಂದ್ರಿಕೆ, ಹಣ್ಣುಹುಳು, ಜ್ವರ. ಮೊಟ್ಟೆಯೊಡೆದು ಬಂದ ಮರಿಹುಳು ಎರಡು ಸಲ ತೊಗಲು ಕಳಚುವವರೆಗಿನ ಅವಧಿಗೆ ಚಾಕಿ ಎನ್ನುವರು. ತೊಗಲು ಕಳಚುವದಕ್ಕಾಗಿ ಹುಳು ಎಲೆ ಬಿಟ್ಟು ಕೂಡುವದಕ್ಕೆ ಜ್ವರವೆನ್ನುವರು. ಈ ಎರಡು ಮಾತುಗಳ ಸುತ್ತಲೇ ನನ್ನ ಲೇಖನವೆಲ್ಲ ತಿರುಗುವದು.

ಮೊಟ್ಟೆಯಿಂದ ಹೊರಬಿದ್ದ ಹುಳುವನ್ನು ಮೊದಲ ಬಾರಿ ನೋಡಿದವರು ಅದನ್ನು ಇರುವೆಯೆಂದೇ ತಿಳಿಯುವರು. ಉದ್ದ ಸುಮಾರು ೩ ಮಿಲಿಮೀಟರು, ಮೈತುಂಬ ರೋಮ, ಬಣ್ಣ ಕಪ್ಪು, ತೂಕ ಅರ್ಧ ಮಿಲಿಗ್ರಾಮಿಗಿಂತ ಕಡಿಮೆ. ಇಪ್ಪತ್ತೈದು ದಿನಗಳ ಆಚೆಗೆ ಅದೇ ಹುಳು ಸುಮಾರು ಹತ್ತು ಸಾವಿರ ಪಟ್ಟು ಭಾರವಾಗಿ, ಬೆಳ್ಳಗೆ, ನುಣ್ಣಗೆ, ಹೆಬ್ಬೆರಳಿನಷ್ಟು ಉದ್ದವಾಗಿ ಮಲಗಿರುತ್ತದೆ. ಇಷ್ಟು ಬೇಗ ಇಷ್ಟು ಬೆಳೆಯುವ ಸಾಕುಪ್ರಾಣಿ ನಮ್ಮ ಹಟ್ಟಿಯಲ್ಲಿ ಮತ್ತೊಂದಿಲ್ಲ. ಒಂದು ಚಿಟ್ಟೆಯ ಮೊಟ್ಟೆಗಳು ಸುಮಾರು ನಾಲ್ಕು ನೂರರಿಂದ ಐದು ನೂರು. ರೈತ ನೂರು ಚಿಟ್ಟೆಗಳ ಮೊಟ್ಟೆ ತಂದನೆಂದರೆ ಅವನ ಮನೆಯಲ್ಲಿ ಒಂದೇ ಮುಂಜಾನೆ ನಲವತ್ತು ಸಾವಿರಕ್ಕೂ ಮೇಲ್ಪಟ್ಟು ಬಾಯಿಗಳು ತೆರೆದವೆಂದು ಲೆಕ್ಕ.

ಆ ಒಂದೇ ಮುಂಜಾನೆ ಎಂಬುದು ತನ್ನಷ್ಟಕ್ಕೆ ತಾನೇ ಬರುವದಲ್ಲ. ಮೊಟ್ಟೆಯೊಳಗಿನ ಮರಿಯ ತಲೆ ಮೊದಲು ಒಂದು ಕಪ್ಪು ಚುಕ್ಕೆಯಾಗಿ ಕಾಣುವದು. ಮರುದಿನ ಇಡಿಯ ಮೊಟ್ಟೆ ನೀಲಿಯಾಗುವದು. ಚುಕ್ಕೆ ಕಂಡ ಕೂಡಲೆ ಮೊಟ್ಟೆಯ ಹಾಳೆಗಳನ್ನು ಕಪ್ಪು ಕಾಗದದಲ್ಲಿ ಸುತ್ತಿ ಸುಮಾರು ಎರಡು ದಿನ ಕತ್ತಲೆಯಲ್ಲಿಡಬೇಕು. ಮುಂದಾಗಿ ಬೆಳೆದ ಮರಿ ಕತ್ತಲೆಯಲ್ಲಿ ತಡೆಯುವದು, ಹಿಂದೆ ಬಿದ್ದದ್ದು ಅಷ್ಟರಲ್ಲಿ ಬಂದು ಕೂಡುವದು. ಮೂರನೆಯ ದಿನ ಬೆಳಗಿನಲ್ಲಿ ಕಾಗದ ಬಿಚ್ಚಿ ಬೆಳಕಿಗಿಟ್ಟರೆ ಎಲ್ಲವೂ ಒಟ್ಟಿಗೆ ಹೊರಬರುವವು. ಅವುಗಳ ಮೇಲೆ ಎಳೆಯ ಎಲೆಯನ್ನು ಸಣ್ಣಗೆ ಹೆಚ್ಚಿ ಉದುರಿಸಿ, ಗರಿಯಿಂದ ಮೆಲ್ಲಗೆ ತಟ್ಟೆಗೆ ಇಳಿಸಿಕೊಳ್ಳುವದಕ್ಕೆ ಚಾಕಿ ಕಟ್ಟುವದೆನ್ನುವರು. ಮೊಟ್ಟೆಯಲ್ಲಿಯೇ ಆರಂಭವಾದ ಈ 'ಒಟ್ಟಿಗೆ' ಎಂಬುದನ್ನು ಕೊನೆಯ ತನಕ ಕಾಯ್ದುಕೊಂಡು ಹೋಗುವದೇ ಹುಳು ಸಾಕುವ ವಿದ್ಯೆಯೆಲ್ಲ. ಮಿಕ್ಕದ್ದು ಮೈದುಡಿತ.

ಹುಳುವಿಗೆ ಐದು ಹಂತಗಳು, ನಾಲ್ಕು ಜ್ವರಗಳು. ಮೊದಲ ಹಂತ ಮೂರು ಮೂರೂವರೆ ದಿನ, ಎರಡನೆಯದು ಎರಡೂವರೆ ದಿನದೊಳಗೆ, ಮುಂದಿನವು ಕ್ರಮೇಣ ಉದ್ದವಾಗುತ್ತ ಐದನೆಯದು ಒಂದು ವಾರ ಹಿಡಿಯುವದು. ಪ್ರತಿಯೊಂದು ಜ್ವರ ಸುಮಾರು ಒಂದು ದಿನ. ನಾಲ್ಕನೆಯದು ಒಂದೂವರೆ ದಿನಕ್ಕೂ ಹೋಗುವದುಂಟು. ಎಲೆಯ ಲೆಕ್ಕವನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ನೂರು ಕಿಲೋ ಎಲೆಯಲ್ಲಿ ಎಂಬತ್ತಕ್ಕಿಂತ ಹೆಚ್ಚಿನದನ್ನು ಐದನೆಯ ಹಂತವೊಂದೇ ಮುಗಿಸುತ್ತದೆ. ಮೊದಲ ಎರಡು ಹಂತಗಳ ಪಾಲು ಒಂದೆರಡು ಕಿಲೋ ಮಾತ್ರ. ಆದುದರಿಂದಲೇ ಜನರ ಗಮನ ಐದನೆಯ ಹಂತದ ಮೇಲೆ. ಆಗ ಮನೆಗೆ ಬೀಗರು ಬರುವರು, ಕೂಲಿಯಾಳು ಬರುವರು, ಗಂಡಸರು ಹೊಲದಿಂದ ಹೊರೆಗಟ್ಟಲೆ ಕಡ್ಡಿಸೊಪ್ಪು ತರುವರು. ಮೊದಲಿನ ಎಂಟು ದಿನ ಒಂದು ಬುಟ್ಟಿ ಎಲೆಯಲ್ಲಿ ಮುಗಿಯುವ ಕೆಲಸವಾದ್ದರಿಂದ ಅದು ಕೆಲಸವೆಂದೇ ಯಾರಿಗೂ ತೋರುವದಿಲ್ಲ.

ಆದರೆ ಹಾಲುತೊಂಡೆ ರೋಗವೋ ಸಪ್ಪೆ ರೋಗವೋ ಬಂದು ಐದನೆಯ ಹಂತದಲ್ಲಿ ತಟ್ಟೆ ತಟ್ಟೆಯೇ ಖಾಲಿಯಾದಾಗ, ಆ ರೋಗದ ಬೀಜ ಅನೇಕ ಸಲ ಆ ಎಂಟು ದಿನಗಳಲ್ಲಿಯೇ ಬಿದ್ದಿರುತ್ತದೆ. ಎಳೆಯ ಹುಳುವಿಗೆ ೨೭ರಿಂದ ೨೮ ಡಿಗ್ರಿ ಶಾಖ ಬೇಕು, ಗಾಳಿಯಲ್ಲಿ ಶೇಕಡಾ ೮೫ರ ಮೇಲೆ ತೇವ ಬೇಕು. ದೊಡ್ಡ ಹುಳುವಿಗೆ ಇದಕ್ಕಿಂತ ತಂಪು, ಇದಕ್ಕಿಂತ ಒಣ ಹವೆ ಬೇಕು. ಮಾರ್ಗಶಿರದ ಚಳಿಯಲ್ಲಿ ಇದ್ದಿಲ ಶೇಗಡಿಯನ್ನು ಹೊಗೆಯಾಡದಂತೆ ಹೊತ್ತಿಸಿ ಒಳಗಿಡುವದು, ಬೇಸಿಗೆಯಲ್ಲಿ ಒದ್ದೆ ಗೋಣಿತಟ್ಟು ಕಟ್ಟುವದು, ತಟ್ಟೆಯ ಮೇಲೆ ಮೇಣಗಾಗದ ಹೊದಿಸಿ ಎಲೆ ಬಾಡದಂತೆ ನೋಡುವದು, ಇರುವೆ ಹತ್ತದಂತೆ ಕಾಲುಗಳ ಕೆಳಗೆ ನೀರಿನ ಬಟ್ಟಲಿಡುವದು, ಒಳಗೆ ಕಾಲಿಡುವಾಗಲೆಲ್ಲ ಕೈಕಾಲು ತೊಳೆಯುವದು. ಇದೆಲ್ಲವನ್ನೂ ಹಗಲು ರಾತ್ರಿ ಮಾಡುವವರು ಮನೆಯ ಹೆಂಗಸರು.

ಇನ್ನು ಜ್ವರದ ವಿಚಾರ. ಈ ಹೆಸರನ್ನು ಇಟ್ಟವರು ಹುಳುವನ್ನು ಕಣ್ಣಿಟ್ಟು ನೋಡಿದವರೆಂಬುದರಲ್ಲಿ ಸಂದೇಹವಿಲ್ಲ. ಜ್ವರ ಬಂದ ಮನುಷ್ಯನಂತೆ ಹುಳು ಊಟ ಬಿಡುವದು, ಅಲುಗಾಡದೆ ಕೂಡುವದು, ತಲೆಯನ್ನು ಮೇಲಕ್ಕೆತ್ತಿ ಏನನ್ನೋ ಆಲಿಸುವಂತೆ ತೋರುವದು. ಆದರೂ ಈ ಹೆಸರು ಅರ್ಧ ಮಾತ್ರ ಸರಿ. ಇದು ರೋಗವಲ್ಲ. ಓದಿದವರು ಇದಕ್ಕೆ ನಿದ್ರೆಯೆನ್ನುವದುಂಟು. ಅದು ಇನ್ನೂ ತಪ್ಪು. ಹೊರಗೆ ಸುಮ್ಮನೆ ಕಾಣುವ ಹುಳುವಿನೊಳಗೆ ಆಗ ನಡೆದಷ್ಟು ಕೆಲಸ ಬೇರೆ ಯಾವಾಗಲೂ ನಡೆಯುವದಿಲ್ಲ. ಹಳೆಯ ತೊಗಲಿನ ಕೆಳಗೆ ಹೊಸ ತೊಗಲು ಹುಟ್ಟಬೇಕು. ಹುಳುವಿನ ತಲೆಯ ಚಿಪ್ಪು ಗಟ್ಟಿಯಾದದ್ದು, ಅದು ಬೆಳೆಯಲಾರದು. ಆದ್ದರಿಂದ ಹಳೆಯ ತಲೆಯ ಹಿಂದೆ ಹೊಸ ತಲೆಯೊಂದು ಮೂಡಬೇಕು. ಜ್ವರಕ್ಕೆ ಕುಳಿತ ಹುಳುವಿನ ಕೊರಳ ಹತ್ತಿರ ಕಾಣುವ ಕಪ್ಪನೆಯ ಮುಕ್ಕೋನ ಮಚ್ಚೆ ಅದೇ. ಹುಳು ತನ್ನ ಹಿಂಗಾಲುಗಳನ್ನು ನೂಲಿನ ಎಳೆಗಳಿಂದ ಹಾಸಿಗೆಗೆ ಬಿಗಿದುಕೊಂಡಿರುತ್ತದೆ. ಹೊತ್ತು ಬಂದಾಗ ಹಳೆಯ ತಲೆ ಟೊಪ್ಪಿಗೆಯಂತೆ ಕಳಚಿ ಬೀಳುವದು, ತೊಗಲು ಒಡೆಯುವದು, ಹುಳು ಮುಂದಕ್ಕೆ ತೆವಳಿ ಹೊರಬರುವದು. ಹೊರಗಿನ ತೊಗಲಷ್ಟೇ ಅಲ್ಲ, ಉಸಿರಾಡುವ ಕೊಳವೆಗಳ ಒಳಪದರು, ಕರುಳಿನ ಮುಂಭಾಗ ಹಿಂಭಾಗಗಳ ಒಳಪದರು ಸಹ ಅದರೊಡನೆ ಕಿತ್ತು ಬರುವವು! ನಾವು ಅಂಗಿ ಬದಲಿಸುವದಕ್ಕೂ ಇದಕ್ಕೂ ಹೋಲಿಕೆಯಿಲ್ಲ.

ಇದನ್ನೆಲ್ಲ ನಡೆಸುವ ವಸ್ತು ಯಾವುದೆಂಬುದನ್ನು ೧೯೫೪ರಲ್ಲಿ ಜರ್ಮನಿಯ ಬ್ಯೂಟೆನಾಂಟ್ ಮತ್ತು ಕಾರ್ಲ್ಸನ್ ಎಂಬ ವಿಜ್ಞಾನಿಗಳು ಬೇರ್ಪಡಿಸಿ ತೋರಿಸಿದರು. ಅದಕ್ಕಾಗಿ ಅವರು ರೇಷ್ಮೆಯ ಕೋಶಗಳನ್ನೇ, ಅದೂ ೫೦೦ ಕಿಲೋದಷ್ಟು, ಬಳಸಬೇಕಾಯಿತು. ಸಿಕ್ಕಿದ್ದು ೨೫ ಮಿಲಿಗ್ರಾಮು ಹರಳು. ಎಕ್ಡೈಸೋನ್ ಎಂದು ಅದರ ಹೆಸರು. ಏಡಿ, ಚೇಳು, ಜೇಡ, ಜಿರಳೆ ಇವೆಲ್ಲ ತೊಗಲು ಕಳಚುವದೂ ಇದೇ ಬಗೆಯ ವಸ್ತುವಿನ ಅಪ್ಪಣೆಯಿಂದಲೇ. ಪರದೇಶಗಳಲ್ಲಿ ಟರಾಂಟುಲಾ ಎಂಬ ರೋಮಭರಿತ ದೊಡ್ಡ ಜೇಡದ ಮರಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಹವ್ಯಾಸಕ್ಕಾಗಿ ಬೆಳೆಸುವವರಿದ್ದಾರೆ; ನಮ್ಮ ಸಹ್ಯಾದ್ರಿಯ ಕಾಡುಗಳಲ್ಲಿಯೂ ಆ ಕುಲದ ಜೇಡಗಳಿವೆ. ಮರಿಯಾಗಿದ್ದಾಗ ಅದು ಮೇಲಿಂದ ಮೇಲೆ ತೊಗಲು ಬಿಡುವದು, ಬೆಳೆದ ಹೆಣ್ಣಾದರೆ ವರ್ಷಕ್ಕೊಮ್ಮೆ ಬಿಡುವದು. ಆ ಹೊತ್ತಿನಲ್ಲಿ ಸತ್ತಂತೆ ಅಂಗಾತ ಬೀಳುವದು. ಆಗ ಅದರ ಪೆಟ್ಟಿಗೆಯಲ್ಲಿ ಮಿಡಿಚೆಯೊಂದು ಉಳಿದಿದ್ದರೂ ಸಾಕು, ಮೆತ್ತಗಾದ ಜೇಡವನ್ನು ಅದೇ ಕಚ್ಚಿಬಿಡುವದಂತೆ. ಆದ್ದರಿಂದ ಸಾಕಿದವರು ಮೊದಲು ಮಾಡುವ ಕೆಲಸ ಆಹಾರವನ್ನು ಹೊರತೆಗೆಯುವದು. ಕಾಡಿನ ಜೀವವನ್ನು ಮೋಜಿಗಾಗಿ ಪೆಟ್ಟಿಗೆಗೆ ಹಾಕುವದು ನನಗೆ ಮೆಚ್ಚಿಗೆಯಿಲ್ಲ. ಆದರೆ ಆ ಜೇಡದವರು ಕಲಿತದ್ದೂ ನಮ್ಮವ್ವ ಕಲಿತದ್ದೂ ಒಂದೇ ಪಾಠವೆಂಬುದು ವಿಚಾರಿಸತಕ್ಕ ಸಂಗತಿ: ತೊಗಲು ಕಳಚುವ ಜೀವಕ್ಕೆ ಉಣಿಸಬಾರದು, ಮುಟ್ಟಬಾರದು, ಕಾಯಬೇಕು.

ಕಾಯುವದೆಂದರೆ ಕೈಕಟ್ಟಿ ಕೂಡುವದಲ್ಲ. ನೂರಕ್ಕೆ ತೊಂಬತ್ತು ಹುಳುಗಳು ಕುಳಿತವೆಂದು ಕಂಡಾಗ ಎಲೆ ನಿಲ್ಲಿಸಬೇಕು. ಮೇಣಗಾಗದ ತೆಗೆದು, ಹಾಸಿಗೆಯನ್ನು ತೆಳ್ಳಗೆ ಹರವಿ, ಸುಣ್ಣದ ಹುಡಿಯನ್ನು ತೆಳುವಾಗಿ ದೂಳಿಸಿ, ಒಳಗಿನ ತೇವ ಆರುವಂತೆ ನೋಡಬೇಕು. ಬಿರುಗಾಳಿ ಬಡಿಯಬಾರದು, ಆದರೆ ಗಾಳಿ ಆಡಬೇಕು. ಆ ಮೇಲೆ ಎಲ್ಲಕ್ಕಿಂತ ಕಠಿಣವಾದದ್ದು ಬರುವದು. ಮುಂಜಾನೆ ನೋಡಿದರೆ ಅರ್ಧ ಹುಳುಗಳು ಎದ್ದಿವೆ, ತಲೆಯಾಡಿಸಿ ಎಲೆಯನ್ನು ಹುಡುಕುತ್ತಿವೆ. ನೋಡಿದವರ ಕರುಳು ಚುರುಕ್ಕೆನ್ನುವದು. ನಾನು ಸಣ್ಣವಳಿದ್ದಾಗ ಅವ್ವನನ್ನು ಕೇಳುತ್ತಿದ್ದೆ:

"ಅವ್ವಾ, ಎದ್ದಾವು ನೋಡ. ಇವಕ್ಕ ಒಂದೀಟ ತಪ್ಪಲಾ ಹಾಕ್ಲೇನು?"

"ಬ್ಯಾಡವಾ. ಹಿಂದಿನವೂ ಏಳ್ಲಿ. ಎದ್ದದ್ದು ಒಂದ್ ಹೊತ್ತು ಹಸದ್ರ ಸಾಯಂಗಿಲ್ಲ. ಹಿಂದ ಉಳದದ್ದು ಸಾಯ್ತೈತಿ."

ನೂರಕ್ಕೆ ತೊಂಬತ್ತು ತೊಂಬತ್ತೈದು ಎದ್ದ ಮೇಲೆಯೇ ಎಲೆ ಹಾಕಬೇಕೆಂದು ಮೈಸೂರಿನ ಸಂಶೋಧನಾ ಸಂಸ್ಥೆಯ ಪುಸ್ತಿಕೆಗಳೂ ಹೇಳುವವು. (೧೯೬೧ರಲ್ಲಿ ಸ್ಥಾಪನೆಯಾದ ಆ ಕೇಂದ್ರೀಯ ಸಂಸ್ಥೆ ಈ ಕಸುಬಿಗೆ ಮಾಡಿದ ಉಪಕಾರ ಬಹಳ. ಜ್ವರ ಎದ್ದ ಹುಳುವಿನ ಮೇಲೆ ದೂಳಿಸುವ 'ವಿಜೇತ' ಎಂಬ ಹುಡಿ ಅಲ್ಲಿಯದೇ. ಈಗ ಹೆಚ್ಚಿನವರು ನೆಡುವ ವಿ-೧ ತಳಿಯ ಹಿಪ್ಪುನೇರಳೆಯೂ ಅಲ್ಲಿಯದೇ.) ಕಾರಣ ಇಷ್ಟೇ. ಅರ್ಧ ಎದ್ದಾಗ ಎಲೆ ಹಾಕಿದರೆ ಎದ್ದವು ಮುಂದೆ ಓಡುವವು. ಏಳದವು ಎಲೆಯ ಕೆಳಗೆ ಹುದುಗಿ ತೇವದಲ್ಲಿ ಕೊಳೆಯುವವು, ಇಲ್ಲವೆ ತಡವಾಗಿ ಎದ್ದು ಸಣ್ಣವಾಗಿಯೇ ಉಳಿಯುವವು. ಮುಂದಿನ ಜ್ವರದಲ್ಲಿ ಈ ಅಂತರ ಎರಡರಷ್ಟಾಗುವದು. ಕೊನೆಗೆ ಒಂದೇ ತಟ್ಟೆಯಲ್ಲಿ ಒಂದು ಹುಳು ಹಣ್ಣಾಗಿ ಗೂಡು ಕಟ್ಟಲು ಜಾಗ ಹುಡುಕುತ್ತಿದ್ದರೆ ಇನ್ನೊಂದು ಇನ್ನೂ ಮೇಯುತ್ತಿರುವದು. ಅಂತಹ ಬೆಳೆಯ ಗೂಡಿಗೆ ರಾಮನಗರದ ಮಾರುಕಟ್ಟೆಯಲ್ಲಿ ಏನು ಬೆಲೆ ಬರುವದೆಂಬುದನ್ನು, ರಾತ್ರಿಯೆಲ್ಲ ಪಯಣಿಸಿ ಗೂಡಿನ ಚೀಲ ಹೊತ್ತು ಹೋದವರೇ ಹೇಳಬೇಕು.

ಈಗ ನನ್ನ ಅಭಿಪ್ರಾಯಕ್ಕೆ ಬರುವೆ. ಸರಕಾರದ ಸಹಾಯಧನ ತೋಟಕ್ಕಿದೆ, ಹುಳುಮನೆ ಕಟ್ಟುವದಕ್ಕಿದೆ, ಸಲಕರಣೆಗಿದೆ. ಒಳ್ಳೆಯದೇ. ಆದರೆ ಬೆಳೆಯ ಅಳಿವು ಉಳಿವು ಯಾರ ಕಣ್ಣಿನಲ್ಲಿ, ಯಾರ ತಾಳ್ಮೆಯಲ್ಲಿ ಇದೆಯೋ ಅವರ ದುಡಿತಕ್ಕೆ ನಮ್ಮ ಮನೆಗಳಲ್ಲಿ ಬೆಲೆಯೂ ಇಲ್ಲ, ಹೆಸರೂ ಇಲ್ಲ. ಗೂಡು ಮಾರಿದ ರೊಕ್ಕ ಬರುವದು ಗಂಡಸಿನ ಖಾತೆಗೆ. ಚಾಕಿ ಕಟ್ಟಿದವಳಿಗೆ ಹಬ್ಬಕ್ಕೊಂದು ಸೀರೆ ಬಂದರೆ ಅದು ಯಜಮಾನನ ಔದಾರ್ಯ. ಇದನ್ನು ಬರೆದದ್ದಕ್ಕೆ ನಮ್ಮ ಊರಿನ ಕೆಲವರು ಸಿಟ್ಟಾಗಬಹುದು. ಆಗಲಿ.

ಇಷ್ಟು ಸಾಲದೆಂಬಂತೆ ಇನ್ನೊಂದು ಪದ್ಧತಿಯಿದೆ. ತಿಂಗಳಿನ ಮೂರು ದಿನ 'ಹೊರಗಿರುವ' ಹೆಂಗಸು ಹುಳುವಿನ ಮನೆಗೆ ಕಾಲಿಡಬಾರದೆಂದು ಅನೇಕ ಮನೆಗಳಲ್ಲಿ ಇಂದಿಗೂ ನಿಯಮ. ಕೈಕಾಲು ತೊಳೆದು ಒಳಗೆ ಹೋಗಬೇಕೆಂಬುದು ಶಾಸ್ತ್ರಸಮ್ಮತ. ರೋಗದ ಬೀಜ ಕೈಗೆ, ಕಾಲಿಗೆ, ಬಟ್ಟೆಗೆ ಅಂಟಿಯೇ ಬರುವದು. ತಂಬಾಕು ತಿಕ್ಕಿದ ಕೈಯಿಂದ ಎಲೆ ಮುಟ್ಟಬಾರದೆಂಬುದೂ ಸರಿ, ತಂಬಾಕು ಹುಳುವಿಗೆ ವಿಷ. ಆದರೆ ತಂಬಾಕಿನ ಗಂಡಸು ಒಳಗೆ ಹೋಗಬಹುದು, ಸ್ನಾನ ಮಾಡಿದ ಹೆಂಗಸು ಹೋಗಬಾರದು ಎಂಬ ನಿಯಮವನ್ನು ಯಾವ ಹುಳು ಕೇಳಿತ್ತು? ಫಲವೇನೆಂದರೆ, ಎರಡನೆಯ ಜ್ವರದ ದಿನವೇ ಬಲ್ಲವಳು ಹೊರಗಾಗಿ, ಅರಿಯದವರ ಕೈಗೆ ನಲವತ್ತು ಸಾವಿರ ಹುಳುಗಳು ಹೋಗುವವು. ಮುಂದೆ ಬೆಳೆ ಕೆಟ್ಟರೆ "ಮೈಲಿಗೆಯಾಯಿತು" ಎನ್ನುವರು! ರೇಷ್ಮೆಹುಳುವಿನ ಗಂಟು ರೋಗ ಫ್ರಾನ್ಸ್ ದೇಶದ ರೈತರನ್ನು ಬೀದಿಗೆ ತಂದಾಗ, ೧೮೬೫ರಲ್ಲಿ ಲೂಯಿ ಪಾಶ್ಚರ್ ಅವರು ಅಲ್ಲಿಗೆ ಹೋಗಿ, ಹುಳುವನ್ನು ಅದಕ್ಕೂ ಮೊದಲು ಸಾಕಿದವರಲ್ಲದಿದ್ದರೂ, ಸೂಕ್ಷ್ಮದರ್ಶಕ ಹಿಡಿದು ಕುಳಿತು ಕೆಲವೇ ವರ್ಷಗಳಲ್ಲಿ ರೋಗ ತಾಯಿಚಿಟ್ಟೆಯಿಂದ ಮೊಟ್ಟೆಗೆ ಬರುವದೆಂದು ತೋರಿಸಿಕೊಟ್ಟರು. ತಾಯಿಚಿಟ್ಟೆಯನ್ನು ಪರೀಕ್ಷಿಸಿ ರೋಗವಿಲ್ಲದ ಮೊಟ್ಟೆಯನ್ನೇ ಇಟ್ಟುಕೊಳ್ಳುವ ಪದ್ಧತಿ ಅಂದಿನಿಂದ ಬಂತು. ಇಂದು ನಾವು ತರುವ ಮೊಟ್ಟೆಯ ಹಾಳೆಯೂ ಆ ಪರೀಕ್ಷೆ ದಾಟಿಯೇ ಬಂದಿರುತ್ತದೆ. ದೃಷ್ಟಿ, ಮೈಲಿಗೆ ಎಂದು ಕೂತಿದ್ದರೆ ಆ ಹಾಳೆ ಹುಟ್ಟುತ್ತಿರಲಿಲ್ಲ.

ಚಾಕಿಯನ್ನು ಮನೆಯಲ್ಲಿಯೇ ಸಾಕಬೇಕೋ, ಚಾಕಿ ಕೇಂದ್ರದಿಂದ ಕೊಳ್ಳಬೇಕೋ ಎಂಬ ಚರ್ಚೆ ನಮ್ಮ ಕಡೆಗೆ ಆಗಾಗ ನಡೆಯುವದು. ಕೇಂದ್ರದವರು ಎರಡನೆಯ ಜ್ವರ ದಾಟಿಸಿದ ಹುಳುಗಳನ್ನು ರೈತನಿಗೆ ಕೊಡುವರು. ೨೦೧೦ರ ನಿಯಮಗಳ ಪ್ರಕಾರ ಅಂಥವರು ಕೇಂದ್ರ ರೇಷ್ಮೆ ಮಂಡಳಿಯ ವ್ಯವಸ್ಥೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಹಳಬರು ಇದನ್ನು ಒಪ್ಪುವದಿಲ್ಲ. "ಹೆತ್ತವರ ಕೂಸಿಗೂ ಕೊಂಡ ಕೂಸಿಗೂ ಫರಕಿಲ್ಲೇನು?" ಎಂದು ಕೇಳುವರು. ನಾನಾದರೋ ಕೊಳ್ಳುವವರ ಪಕ್ಷ. ಶಾಖವನ್ನೂ ತೇವವನ್ನೂ ಹಿಡಿದಿಡುವ ಖೋಲಿ ಎಲ್ಲರ ಮನೆಯಲ್ಲಿಯೂ ಇರುವದಿಲ್ಲ. ಎಂಟು ದಿನ ಉಳಿದರೆ ವರ್ಷಕ್ಕೆ ಒಂದು ಬೆಳೆ ಹೆಚ್ಚು ಬರುವದು. ಇವೆರಡಕ್ಕಿಂತ ದೊಡ್ಡ ಕಾರಣ ಬೇರೆಯಿದೆ. ಮನೆಯಲ್ಲಿ ಬಿಟ್ಟಿಯಾಗಿದ್ದ ಕೆಲಸ ಕೇಂದ್ರದಲ್ಲಿ ಸಂಬಳದ ಕೆಲಸವಾಗುವದು. ಜ್ವರದ ಹುಳುವನ್ನು ನೋಡಿ "ಇನ್ನೂ ಆರು ತಾಸು ಎಲೆ ಬೇಡ" ಎಂದು ಹೇಳಬಲ್ಲ ಕಣ್ಣಿಗೆ ಅಲ್ಲಿ ರೊಕ್ಕವುಂಟು. ಅದನ್ನು ಕಲಿತ ಹೆಣ್ಣುಮಗಳು ಅಲ್ಲಿ ಕುಶಲಕರ್ಮಿ, ಮನೆಯಲ್ಲಿಯಾದರೆ ಸೊಸೆ ಮಾತ್ರ.

ಆದರೆ ಕೊಳ್ಳುವದೆಂದರೆ ಕಣ್ಣು ಮುಚ್ಚಿ ಕೊಳ್ಳುವದಲ್ಲ. ಒಂದು ಸಲ ನಮ್ಮ ಮನೆಗೆ ಒಂದು ಕೇಂದ್ರದಿಂದ ಬಂದ ಹುಳುಗಳಲ್ಲಿ ಕಾಲುಪಾಲು ಜ್ವರದಿಂದ ಎದ್ದೇ ಇರಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ, ಕುಲುಕಾಡುವ ಟೆಂಪೋದಲ್ಲಿ ಅವುಗಳನ್ನು ತಂದಿದ್ದರು. ತಟ್ಟೆಗೆ ಬಿಗಿದುಕೊಂಡ ಹುಳು ಕಿತ್ತು ಬಂದರೆ ತೊಗಲು ಬಾಲದ ಕಡೆಗೆ ಸಿಕ್ಕಿಬೀಳುವದು, ಅಂಥದು ಬದುಕುವದಿಲ್ಲ. ಅವ್ವ ನೋಡಿದ ಕೂಡಲೆ ಹೇಳಿದಳು, ಆರಿಸಿ ಬೇರೆ ಮಾಡಿದಳು, ಉಳಿದವುಗಳಿಂದ ಬೆಳೆ ಬಂತು. ಆಕೆಯ ಜಾಗದಲ್ಲಿ ಜ್ವರದ ಹುಳುವನ್ನೇ ನೋಡದವರು ಇದ್ದಿದ್ದರೆ ಇಪ್ಪತ್ತು ದಿನದ ಎಲೆ ಮಣ್ಣುಗೂಡುತ್ತಿತ್ತು. ಚಾಕಿ ಕೊಳ್ಳುವ ರೈತನ ಮನೆಯಲ್ಲಿಯೂ ಒಬ್ಬರಾದರೂ ಒಂದು ಬೆಳೆಯನ್ನು ಮೊಟ್ಟೆಯಿಂದ ಸಾಕಿ ನೋಡಿದವರು ಇರಲೇಬೇಕೆಂದು ನಾನು ಹೇಳುವದು ಇದಕ್ಕಾಗಿ.

ನಮ್ಮ ತಾಲೂಕುಗಳಿಗೆ ವಿಶೇಷವಾದ ಆಪತ್ತೊಂದಿದೆ; ಅದನ್ನು ಹೇಳದೆ ಮುಂದೆ ಹೋಗಲಾರೆ. ೨೦೧೮ರಲ್ಲಿ ಶಿವಮೊಗ್ಗೆಯ ಕಡೆ ಗೋವಿನಜೋಳದ ಸುಳಿ ತಿನ್ನುವ ಸೈನಿಕಹುಳು ಭಾರತದಲ್ಲಿಯೇ ಮೊದಲು ಕಾಣಿಸಿಕೊಂಡಿತು. ಹಿರೇಕೆರೂರಿಗೆ ಶಿವಮೊಗ್ಗೆಯ ಸೀಮೆ ನೆರೆಯೇ. ಅಂದಿನಿಂದ ಗೋವಿನಜೋಳಕ್ಕೆ ಔಷಧ ಹೊಡೆಯುವದು ವಾಡಿಕೆಯಾಗಿಬಿಟ್ಟಿದೆ. ಸೈನಿಕಹುಳುವೂ ರೇಷ್ಮೆಹುಳುವೂ ಒಂದೇ ಬಗೆಯ ಜೀವಗಳು. ಎರಡೂ ಚಿಟ್ಟೆಯ ಮರಿಗಳು, ಎರಡೂ ತೊಗಲು ಕಳಚಿಯೇ ಬೆಳೆಯುವವು. ಒಂದನ್ನು ಕೊಲ್ಲುವ ಔಷಧ ಇನ್ನೊಂದನ್ನು ಬಿಡುವದಿಲ್ಲ. ಹೊಸ ತೊಗಲು ಹುಟ್ಟುವದನ್ನೇ ಕೆಡಿಸಿ ಹುಳುವನ್ನು ಜ್ವರದಲ್ಲಿಯೇ ಕೊಲ್ಲುವ ಔಷಧಗಳೂ ಬಂದಿವೆ. ನೆರೆಯ ಹೊಲದಲ್ಲಿ ಹೊಡೆದದ್ದು ಗಾಳಿಯಲ್ಲಿ ತೇಲಿ ಹಿಪ್ಪುನೇರಳೆಯ ಎಲೆಯ ಮೇಲೆ ಕುಳಿತರೆ, ಆ ಎಲೆ ತಿಂದ ಹುಳು ಬಾಯಿಂದ ರಸ ಕಾರಿ ಮೈ ತಿರುಚಿ ಬೀಳುವದು. ಇಲ್ಲಿ ಯಾರನ್ನು ಬಯ್ಯುವದು? ನೆರೆಯವನಿಗೂ ತನ್ನ ಪೈರು ಉಳಿಯಬೇಕು. ಬದುವಿನ ಗುಂಟ ನಾಲ್ಕು ಸಾಲು ಎತ್ತರದ ಗಿಡ ಹಚ್ಚುವದು, ಔಷಧ ಹೊಡೆಯುವ ಹಿಂದಿನ ದಿನ ಒಂದು ಮಾತು ಹೇಳುವದು, ಗಾಳಿ ತೋಟದ ಕಡೆಗೆ ಬೀಸುವಾಗ ನಿಲ್ಲಿಸುವದು: ಇಷ್ಟನ್ನು ಗ್ರಾಮಸಭೆಯಲ್ಲಿ ಕೂತು ಕಟ್ಟು ಮಾಡಿಕೊಂಡರೆ ಎರಡೂ ಬೆಳೆಗಳು ಬದುಕುವವು. ನೀರಿನ ಸರದಿಗೆ ಕಟ್ಟು ಮಾಡಿಕೊಂಡ ಊರುಗಳಿಗೆ ಇದು ಅಸಾಧ್ಯವೇನಲ್ಲ.

ಗೆಳತಿಯೊಬ್ಬಳು ನನ್ನನ್ನು ಕೇಳಿದಳು: ಇಷ್ಟು ಅಕ್ಕರೆಯಿಂದ ಸಾಕಿ ಕೊನೆಗೆ ಬಿಸಿಯಾವಿಗೆ ಕೊಡುವದಲ್ಲವೇ? ಹೌದು. ಗೂಡಿನಿಂದ ಚಿಟ್ಟೆ ಹೊರಬಂದರೆ ಎಳೆ ಕಡಿಯುವದು. ಸಾವಿರ ಮೀಟರಿನ ಸುಮಾರಿನ ಒಂದೇ ಎಳೆ ಸಿಗಬೇಕಾದರೆ ಒಳಗಿನ ಜೀವ ಹೋಗಲೇಬೇಕು. ಇದಕ್ಕೆ ನನ್ನಲ್ಲಿ ಸುಲಭವಾದ ಉತ್ತರವಿಲ್ಲ. ಹಾಲು ಕುಡಿಯುವವರೂ ಮೊಟ್ಟೆ ತಿನ್ನುವವರೂ ಪಟ್ಟೆಸೀರೆ ಉಡುವವರೂ ಕೂಡಿ ಕೂತು ಆಡಬೇಕಾದ ಮಾತದು. ಹುಳು ಸಾಕುವ ಬಡವನೊಬ್ಬನ ಮೇಲೆ ಹಾಕಿ ಮುಗಿಸತಕ್ಕದ್ದಲ್ಲ. ಬದುಕಿರುವಷ್ಟು ದಿನ ಅದು ನರಳದಂತೆ ನೋಡಿಕೊಳ್ಳುವದು ನಮ್ಮ ಕೈಯಲ್ಲಿದೆ ಎಂದಷ್ಟೇ ಆಕೆಗೆ ಹೇಳಿದೆ.

ಕಲಾ ಕಾಲೇಜಿಗೂ ಹುಳುವಿಗೂ ಏನು ಸಂಬಂಧವೆಂದು ಕೇಳುವವರುಂಟು. ೧೬೬೦ರಲ್ಲಿ ಜರ್ಮನಿಯ ಫ್ರಾಂಕ್‌ಫುರ್ಟ್ ನಗರದಲ್ಲಿ ಹದಿಮೂರು ವರ್ಷದ ಒಬ್ಬ ಹುಡುಗಿ ರೇಷ್ಮೆಹುಳುಗಳನ್ನು ಸಾಕಿ, ಅವು ಬದಲಾಗುವ ಪರಿಯನ್ನು ಗಮನಿಸತೊಡಗಿದಳು. ಮಾರಿಯಾ ಸಿಬಿಲ್ಲಾ ಮೇರಿಯನ್ ಎಂದು ಆಕೆಯ ಹೆಸರು. ಆಕೆ ಕಲಿತದ್ದು ಚಿತ್ರಕಲೆ. ಕಂಬಳಿಹುಳುಗಳು ಚಿಟ್ಟೆಗಳಾಗುವ ಪರಿಯನ್ನು ಚಿತ್ರಿಸಿ ಆಕೆ ೧೬೭೯ರಲ್ಲಿ ಪ್ರಕಟಿಸಿದ ಪುಸ್ತಕವನ್ನು ಇಂದಿಗೂ ವಿಜ್ಞಾನಿಗಳು ಗೌರವದಿಂದ ನೆನೆಯುವರು. ಕಣ್ಣಿಟ್ಟು ನೋಡುವದಕ್ಕೆ ವಿಭಾಗಗಳಿಲ್ಲ. ಅದಂತಿರಲಿ, ನಮ್ಮಲ್ಲಿ ಬಿ.ಎ. ಮುಗಿಸಿದವರು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ಯಾವುದೋ ಅಂಗಡಿಯ ಬಾಗಿಲಲ್ಲಿ ನಿಲ್ಲುವದನ್ನು ನಾವೆಲ್ಲ ಕಂಡಿದ್ದೇವೆ. ನಾಲ್ಕೂ ತಾಲೂಕುಗಳಲ್ಲಿ ನಮ್ಮ ಹುಡುಗ ಹುಡುಗಿಯರೇ ನಡೆಸುವ ಚಾಕಿ ಕೇಂದ್ರಗಳು ಬಂದರೆ ಹುಳು ದೂರದಿಂದ ಕುಲುಕಿಕೊಂಡು ಬರುವದೂ ತಪ್ಪುವದು, ನಾಲ್ಕು ಜನರಿಗಾದರೂ ಊರಿನಲ್ಲಿಯೇ ಅನ್ನ ಹುಟ್ಟುವದು.

ಆದ್ದರಿಂದ ನಮ್ಮ ಕಾಲೇಜಿನ ಆಡಳಿತದವರಲ್ಲಿ ಒಂದು ಬಿನ್ನಹ. ಕಟ್ಟಡದ ಹಿಂದೆ ಜಾಲಿ ಬೆಳೆದು ಬಿದ್ದಿರುವ ಜಾಗದಲ್ಲಿ ಹತ್ತು ಗುಂಟೆಯನ್ನು ಹಸನು ಮಾಡಿ ಹಿಪ್ಪುನೇರಳೆ ಹಚ್ಚಲು ಅನುಮತಿ ಕೊಡಬೇಕು. ಒಂದು ಖೋಲಿ, ಹತ್ತು ತಟ್ಟೆ, ಒಂದು ಉಷ್ಣಮಾಪಕ ಸಾಕು. ವರ್ಷಕ್ಕೆ ಎರಡು ಸಲ ಐವತ್ತು ಚಿಟ್ಟೆಗಳ ಮೊಟ್ಟೆಯಷ್ಟನ್ನು ಎರಡನೆಯ ಜ್ವರದವರೆಗೆ ಸಾಕಿ, ಹತ್ತಿರದ ರೈತರಿಗೆ ಕೊಡಬಹುದು. ರಾತ್ರಿಯ ಪಾಳಿಗೆ ವಸತಿನಿಲಯದವರು ಒಪ್ಪಿದರೆ ಬೇರೆ ಆಳು ಬೇಕಾಗಿಲ್ಲ. ವಿ-೧ರ ಕಡ್ಡಿಗಳನ್ನು ನಮ್ಮ ತೋಟದಿಂದ ಕಡಿದು ತಂದುಕೊಡಲು ನಾನು ಸಿದ್ಧಳಿದ್ದೇನೆ. ಮಳೆ ಹಿಡಿಯುವ ಹದಿನೈದು ದಿನ ಮೊದಲು ತಿಳಿಸಿದರೆ ಸಾಕು. ಕಡ್ಡಿ ಒಣಗುವ ಮುಂಚೆ ನೆಲಕ್ಕಿಡಬೇಕು.